ಬೀಳುವುದನ್ನು ಕಲಿತ ರಾಕ್ಷಸ

ರಾಜಾಜಿನಗರ
೧೨-೨-೧೯೮೭

ಪ್ರೀತಿಯ ತಮ್ಮ ನಂಜುಂಡಪ್ಪನಿಗೆ,

ನಿನ್ನ ಅಕ್ಕ ದೂರದಿಂದಲೇ ತಲೆ ಸವರಿ ಬರೆಯುವ ಕಾಗದ. ಇಲ್ಲಿ ನಾನು, ನಿಮ್ಮಣ್ಣ ಅಂಜಿನಯ್ಯ, ಮನೆಮಂದಿ ಎಲ್ಲ ಚೆನ್ನಾಗಿದ್ದೇವೆ. ನೀನು, ಸೀತಾ, ಮಕ್ಕಳು ಸುಖವಾಗಿರಿ. ಅಣ್ಣನ ಹೆಸರು ಕಂಡ ಕೂಡಲೇ ಕಾಗದ ಮಡಿಸಿಡಬೇಡ, ಪೂರ್ತಿ ಓದು. ನಾನು ಶಾಲೆ ಕಂಡವಳಲ್ಲ. ನೀವಿಬ್ಬರೂ ನಾಟಕದ ಮಾತು ಬಾಯಿಪಾಠ ಮಾಡುವಾಗ ಪಕ್ಕದಲ್ಲಿ ಕೂತು ಅಕ್ಷರ ಕಲಿತವಳು. ತಪ್ಪಿದ್ದರೆ ನೀವೇ ಹೊಣೆ.

ಅಣ್ಣನ ಮಗಳು ಅನಂತಲಕ್ಷ್ಮಿಯ ಸೀಮಂತಕ್ಕೆ ನೀನು ಹೆಂಡತಿಯ ಕೈಲಿ ಸೀರೆ ಕಳಿಸಿದೆ, ನೀನೇ ಬರಲಿಲ್ಲ. ಕೆಂಗೇರಿಯಿಂದ ಇಲ್ಲಿಗೆ ಬರಲು ಹಡಗು ಹತ್ತಬೇಕೇನೋ? ಸೀತಾ ಊಟ ಮುಗಿಸಿ ಬೇಗ ಹೊರಟಳು. ಆಮೇಲೆ ನಡೆದದ್ದು ಅವಳಿಗೂ ಗೊತ್ತಿಲ್ಲ. ಅದನ್ನು ಹೇಳಿ, ನಿನ್ನನ್ನು ಮನೆಗೆ ಕರೆಯಲೆಂದೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಹೆಂಗಸರಿಗೆಂದು ಟಿವಿ, ವಿಸಿಆರ್ ಬಾಡಿಗೆಗೆ ತರಿಸಿದ್ದೆವು. ಬಸುರಿ ನೋಡುವುದಲ್ಲವೇ, ದೇವರ ಸಿನಿಮಾನೇ ಕೊಡು ಎಂದು ವಿಡಿಯೋ ಅಂಗಡಿ ಲಕ್ಷ್ಮೀಪತಿಗೆ ಹೇಳಿದ್ದೆ. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು. ಪಕ್ಕದ ಮನೆ ಯಶೋದಮ್ಮ ಟಿವಿಗೆ ಕುಂಕುಮವಿಟ್ಟು ಊದುಬತ್ತಿ ಹಚ್ಚಿದರು. ಪರದೆಯ ಮೇಲೆ ಮಂಜು, ಎದೆಮಟ್ಟದ ಹುಲ್ಲು, ಜುಟ್ಟು ಕಟ್ಟಿದ ಒಬ್ಬ ಮನುಷ್ಯ. "ಯಾರೋ ಋಷಿಗಳು ಕಣ್ರೀ" ಎಂದು ಯಶೋದಮ್ಮ ಕೈ ಮುಗಿದರು. ಋಷಿಗಳು ಸೊಂಟದಿಂದ ಕತ್ತಿ ಹಿರಿದು ಎದುರಿದ್ದವನನ್ನು ಒಂದೇ ಏಟಿಗೆ ಕೆಡವಿದರು! "ಅಯ್ಯೋ ಶಿವನೇ, ಆಫ್ ಮಾಡ್ರೀ, ಹೊಟ್ಟೇಲಿರೋ ಮಗು ಹೆದರ್ಕೊಳತ್ತೆ" ಎಂದು ಗಲಾಟೆಯೋ ಗಲಾಟೆ. ಲಕ್ಷ್ಮೀಪತಿ ದೇವರ ಸಿನಿಮಾದ ಡಬ್ಬಕ್ಕೆ ಜಪಾನಿನ ಕತ್ತಿಕಾಳಗದ ಕ್ಯಾಸೆಟ್ ತುಂಬಿ ಕೊಟ್ಟಿದ್ದ.

ನಾನು ಏಳುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ನಿಮ್ಮಣ್ಣ, "ಇರ್ಲಿ ಬಿಡು ಗಂಗಕ್ಕ" ಎಂದ. ಅನಂತಲಕ್ಷ್ಮಿಯೂ, "ಇರ್ಲಿ ಅತ್ತೆ, ಚೆನ್ನಾಗಿದೆ" ಎಂದಳು.

ಒಂದು ಮಾತೂ ತಿಳಿಯದು. ಆದರೂ ಯಾರೂ ಏಳಲಿಲ್ಲ ನಂಜುಂಡ, ಅದೇನು ಮೋಡಿಯೋ! ನಮ್ಮ ನಾಟಕದಲ್ಲಿ ಕತ್ತಿ ಎತ್ತುವ ಮೊದಲು ಅರ್ಧ ಗಂಟೆ ಅಬ್ಬರಿಸಿ, ಎರಡು ಕಂದಪದ್ಯ ಹಾಡುತ್ತೀರಿ. ಅವರು ಸುಮ್ಮನೆ ನಿಲ್ಲುತ್ತಾರೆ. ಗಾಳಿಗೆ ಹುಲ್ಲು ಬಾಗುತ್ತದೆ, ಏಳುತ್ತದೆ. ತೋಳಿನ ಬಟ್ಟೆ ಅಲುಗುತ್ತದೆ, ಅಷ್ಟೆ. ಹಳೆಯ ಕ್ಯಾಸೆಟ್ಟು, ಪರದೆ ತುಂಬ ಬಿಳಿ ಗೆರೆ, ಆ ದೇಶದಲ್ಲಿ ಸದಾ ಸೋನೆ ಹಿಡಿದಂತೆ. ಅಲ್ಲಿನ ಮಂಜು ಯಾವುದು, ನಮ್ಮ ಊದುಬತ್ತಿಯ ಹೊಗೆ ಯಾವುದು ತಿಳಿಯಲಿಲ್ಲ. ನಡುಮನೆಯೇ ನೀರೊಳಗೆ ಇಳಿದ ಹಾಗಿತ್ತು. ಮಡಿಲಲ್ಲಿ ತಾಂಬೂಲ ಇಟ್ಟುಕೊಂಡ ಹೆಂಗಸರೆಲ್ಲ ಕಣ್ಣು ತೆರೆದೇ ನಿದ್ದೆ ಹೋದವರಂತೆ ಕೂತಿದ್ದರು.

ಕೊನೆಯ ಕಾಳಗ ಬಂತು. ಒಬ್ಬ ವಯಸ್ಸಾದವನು, ಒಬ್ಬ ಪ್ರಾಯದವನು. ಒಂದೇ ಬೀಸು. ಆಮೇಲೆ ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ನಿಂತರು. ಏಟು ಯಾರಿಗೆ ಬಿತ್ತೋ ಗೊತ್ತಾಗಲೊಲ್ಲದು. ಎಷ್ಟೋ ಹೊತ್ತಿನ ಮೇಲೆ ಮುದುಕ ತಿರುಗಿ, ಮೊಣಕಾಲೂರಿ, ತನ್ನನ್ನು ಹೊಡೆದವನಿಗೆ ತಲೆಬಾಗಿ, ದಣಿದವನು ಹಾಸಿಗೆಗೆ ಒರಗುವ ಹಾಗೆ ಹುಲ್ಲಿನ ಮೇಲೆ ಒರಗಿದ.

"ಒನ್ಸ್ ಮೋರ್" ಎಂದ ನಿಮ್ಮಣ್ಣ.

ಆ ಕೂಗಿನಿಂದಲೇ ಅಲ್ಲವೇ ನಮ್ಮ ಮನೆ ಒಡೆದದ್ದು? ಗಣೇಶನ ಪೆಂಡಾಲಿನ ನಾಟಕದಲ್ಲಿ ಅವನು ರಾಕ್ಷಸ ರಾಜ, ನೀನು ರಾಜಕುಮಾರ. ನಿನ್ನ ಏಟಿಗೆ ಅವನು ಸಾಯಬೇಕು. ಸತ್ತ. ಜನ ಒನ್ಸ್ ಮೋರ್ ಎಂದರು, ಎದ್ದು ಮತ್ತೆ ಹಾಡಿದ. ಆಮೇಲೆ ನೀನು ಎಷ್ಟು ಹೊಡೆದರೂ ಬೀಳಲಿಲ್ಲ. ಚಪ್ಪಾಳೆಯ ಅಮಲಿನಲ್ಲಿ ನಿನ್ನ ಕಿರೀಟಕ್ಕೇ ಬೀಸಿದ. ಅದು ಉರುಳಿ, ನಿನ್ನನ್ನು ನೋಡಲೆಂದೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಸೀತಾಳ ಅಪ್ಪನ ಕಾಲ ಬಳಿ ಬಿತ್ತು. ಹೆಣ್ಣು ಕೊಡುವವರೆಲ್ಲ ನಕ್ಕರು. ಅವತ್ತು ಮನೆ ಬಿಟ್ಟವನು ನೀನು, ಮದುವೆಗೂ ಅಣ್ಣನನ್ನು ಕರೆಯಲಿಲ್ಲ.

ಅನಂತಲಕ್ಷ್ಮಿ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದಳು. ಸತ್ತ ಮುದುಕ ಹುಲ್ಲಿನಿಂದ ಎದ್ದ. ಏಟು ಕತ್ತಿಗೆ ಮರಳಿತು, ಕತ್ತಿ ಒರೆಗೆ ಮರಳಿತು. ಏನೂ ಆಗದವರಂತೆ ಇಬ್ಬರೂ ಎದುರುಬದುರು ನಿಂತರು. ಮತ್ತೆ ಬಿದ್ದ. ಮತ್ತೆ ಎಬ್ಬಿಸು ಎಂದ ಇವನು. "ಏನ್ ಅಂಜಿನಯ್ಯೋರೆ, ಆ ಪ್ರಾಣೀನ ಇವತ್ತು ಸಾಯಕ್ ಬಿಡ್ತೀರೋ ಇಲ್ವೋ?" ಎಂದು ಯಶೋದಮ್ಮ ನಕ್ಕರು. "ಬೀಳೋದು ಹೆಂಗೆ ಅಂತ ನೋಡ್ತಾ ಇದೀನಿ ಯಶೋದಮ್ಮ. ನಂಗೆ ಬರ್ಲಿಲ್ಲ" ಎಂದ. ಎಲ್ಲರೂ ಹೋದ ಮೇಲೆ ಕಿಟಕಿಯ ಕಂಬಳಿ ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದ: "ಅವತ್ತು ನಂಜುಂಡನ ಏಟು ಚೆನ್ನಾಗೇ ಬಿದ್ದಿತ್ತು ಕಣಕ್ಕ."

ಈಗ ಬೆಳಿಗ್ಗೆ ಹಿತ್ತಲಲ್ಲಿ ಚಾಪೆ ಹಾಸಿ ಬೀಳುವುದನ್ನು ಅಭ್ಯಾಸ ಮಾಡುತ್ತಾನೆ. ಒಂದು ಸಲ ಒರಗಿದರೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾನೆ. ಏನೋ ಇದು ಹುಡುಗಾಟ ಎಂದರೆ, "ನಂಜುಂಡ ಬಂದ್ರೆ ತಯಾರಾಗಿರ್ಬೇಡ್ವಾ?" ಎನ್ನುತ್ತಾನೆ. ನಿನ್ನ ಮರದ ಕತ್ತಿಗೆ ಹೊಸ ಬೆಳ್ಳಿ ಕಾಗದ ಅಂಟಿಸಿದ್ದಾನೆ.

ಈ ಭಾನುವಾರವೇ ಬಾ. ಅವನು ಕ್ಷಮೆ ಕೇಳಲಿ ಎಂದು ಕಾಯಬೇಡ, ಆ ಮಾತು ಅವನ ಬಾಯಿಗೆ ಬರದು, ಬೀಳುವುದು ಬರುತ್ತದೆ. ಒಂದು ಏಟು ಹೊಡಿ, ನಿಂತುಹೋದ ನಾಟಕ ಮುಗಿಯಲಿ. ಆಮೇಲೆ ಒಟ್ಟಿಗೆ ಊಟ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ, ಆ ಹುಲ್ಲು ಗಾಳಿಗೆ ಬಾಗುವುದನ್ನು ಮೂವರೂ ನೋಡೋಣ.

ಬಾಗಿಲ ಕಡೆಗೇ ಕಣ್ಣಿಟ್ಟಿರುವ ನಿನ್ನ ಅಕ್ಕ,
ಗಂಗಲಕ್ಷ್ಮಮ್ಮ

ತಾ.ಕ.: ಎಲ್ಲ ಚೆನ್ನಾಗಿದ್ದೇವೆ ಎಂದು ಮೇಲೆ ಬರೆದದ್ದು ಅವನ ಒತ್ತಾಯಕ್ಕೆ. ಸೋಮವಾರ ಅವನನ್ನು ಎದೆಯ ಆಪರೇಷನ್ನಿಗೆ ಆಸ್ಪತ್ರೆಗೆ ಸೇರಿಸುತ್ತೇವೆ. "ಅದನ್ನ ಬರೀಬೇಡ, ಅಯ್ಯೋ ಪಾಪ ಅಂತ ಬಂದು ಹೊಡೆದ್ರೆ ಅದು ಏಟಲ್ಲ" ಎಂದಿದ್ದಾನೆ. ನೀನು ಏನೂ ತಿಳಿಯದವನ ಹಾಗೆ ಬಾ. ಕತ್ತಿ ಮೆಲ್ಲಗೆ ಬೀಸು. ಅವನು ಒರಗುವಾಗ ಮಾತ್ರ ಕತ್ತಿ ಎಸೆದು ಕೈ ಚಾಚು. ಚಾಪೆಗಿಂತ ಮೊದಲು ಅವನಿಗೆ ನೀನು ಸಿಗಬೇಕು.