ಒಬ್ಬಳ ಅಳತೆ, ಇಬ್ಬರ ಬಟ್ಟೆ

ಭಾನುವಾರ ಮಧ್ಯಾಹ್ನ
ಫೆಬ್ರವರಿ ೨೩

ಪ್ರೀತಿಯ ಬಲದವಳೇ,

ಹಾಗಾಗಿ ನೀನು ವಾಪಸ್ಸು ಕಳಿಸಿದ ಹಸಿರು ಡ್ರೆಸ್ಸು ಈಗ ನನ್ನ ಕಪಾಟಿನ ಬಾಗಿಲಿಗೆ ನೇತಾಡುತ್ತಾ ನನ್ನನ್ನೇ ನೋಡುತ್ತಿದೆ. ನಾವೆಲ್ಲ ಕ್ಷೇಮ, ನೀವು ಹೇಗಿದ್ದೀರಿ ಎಂದು ಮೊದಲು ಕೇಳಬೇಕಿತ್ತು, ಮರೆತೆ. ಕೇಳಿದ್ದೇನೆ ಅಂದುಕೋ. ಪಾರ್ಸೆಲ್ಲು ಕೈಸೇರಿ ವಾರವಾದರೂ ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಡಿಪೋದಲ್ಲಿ ಹಳೇ ಬಸ್ಸುಗಳಿಗೆಲ್ಲ ಹೊಸ ಸೀಟ್ ಕವರ್ ಹೊಲಿಯುವ ಕೆಲಸ ಬಂದಿದೆ, ಮೆಷಿನ್ ಬಿಟ್ಟು ಏಳಲಾಗುತ್ತಿಲ್ಲ ಎಂದು ನೆಪ ಹೇಳಬಹುದು. ನಿಜ ಏನೆಂದರೆ ಮುಖ ಊದಿಸಿಕೊಂಡು ಕೂತಿದ್ದೆ. ನನ್ನ ಮುಖ ಮೊದಲೇ ಊದಿಕೊಂಡಿರುವುದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಅದು ಬೇರೆ ಮಾತು.

ಫೋನಿನಲ್ಲಾದರೆ ನೀನು "ಹೂಂ, ಆಯ್ತು, ಇಡ್ತೀನಿ" ಅಂತ ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ಸೌಕರ್ಯ ಇಲ್ಲ, ಪೂರ್ತಿ ಓದಲೇಬೇಕು. ಅಕ್ಷರ ನೋಡಿ ನಗಬೇಡ. ಯಾರು ಯಾರೆಂದು ಗುರುತು ಸಿಗದೆ ನಮ್ಮನ್ನು ಬೆಂಚಿನ ಎರಡು ತುದಿಗೆ ಕೂರಿಸಿ ಎಡದವಳು, ಬಲದವಳು ಎಂದು ಹೆಸರಿಟ್ಟ ಮೇಷ್ಟ್ರು, ನಾನು ಸ್ಕೂಲು ಬಿಟ್ಟ ದಿನ ನಿಟ್ಟುಸಿರು ಬಿಟ್ಟು ಇನ್ನು ನನಗೆ ಗೊಂದಲ ಇಲ್ಲ ಅಂದರಂತೆ. ನನ್ನ ವಿದ್ಯೆಯಿಂದ ಊರಿಗೆ ಆದ ಉಪಕಾರ ಅದೊಂದೇ.

ನೀನು ಅವತ್ತು ಫೋನಿನಲ್ಲಿ ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಆ ಬಣ್ಣ ನಂಗೆ ಒಪ್ಪಲ್ಲ ಕಣೇ. ಅದ್ರಲ್ಲಿ ನಿನ್ನ ಪಕ್ಕ ನಿಂತು ಫೋಟೋ ಹಾಳು ಮಾಡಲ್ಲ. ಮದುವೆಗೆ ನಾನು ಬರಲ್ಲ, ಮಗೂಗೆ ನನ್ನ ಆಶೀರ್ವಾದ ಹೇಳು." ಅಷ್ಟೇ. ಇರುವುದು ನನಗೆ ಒಬ್ಬಳೇ ಮಗಳು, ಅವಳಿಗೆ ಇರುವುದು ಒಬ್ಬಳೇ ಚಿಕ್ಕಮ್ಮ. ಒಂದು ಡ್ರೆಸ್ಸಿನ ಬಣ್ಣಕ್ಕೆ ಮದುವೆಯನ್ನೇ ಬಿಡುವವರನ್ನು ನಾನು ಎಲ್ಲೂ ನೋಡಿಲ್ಲ. ಮಗಳಿಗೆ ಹೇಳಿದರೆ ಅವಳು, ಚಿಕ್ಕಮ್ಮ ಬರುವವರೆಗೆ ದಿನ ಮುಂದಕ್ಕೆ ಹಾಕಿ, ಹುಡುಗ ಎಲ್ಲೂ ಓಡಿಹೋಗಲ್ಲ ಅಂತ ಕೂತಿದ್ದಾಳೆ. ಹುಡುಗನ ಮನೆಯವರಿಗೆ ನಾನು ಏನಂತ ಹೇಳಲಿ? ಬಟ್ಟೆ ಒಪ್ಪಲಿಲ್ಲ ಅಂತಲೇ?

ಅಮ್ಮನ ಕಾಲದಿಂದ ನಡೆದು ಬಂದದ್ದು ಇದು. ಅಮ್ಮ ಟೇಪು ಹಿಡಿದು ಬಂದಾಗ ಯಾರು ಕೈಗೆ ಸಿಕ್ಕರೆ ಅವಳ ಅಳತೆ, ಇಬ್ಬರಿಗೂ ಬಟ್ಟೆ. ಟೇಪು ಕಂಡರೆ ಕಚಗುಳಿ ಅಂತ ನೀನು ಮಂಚದ ಕೆಳಗೆ ತೂರುತ್ತಿದ್ದೆ, ಸಿಗುತ್ತಿದ್ದವಳು ನಾನು. ಅಂದಿನಿಂದ ನಾನು ಹಾಕಿ ನೋಡುವುದು, ನೀನು ಹಾಕಿಕೊಳ್ಳುವುದು. ನೀನು ಮದುವೆಯಾಗಿ ಅಷ್ಟು ದೂರ ಹೋದ ಮೇಲೂ ಒಂದು ನನಗೆ, ಅಂಥದ್ದೇ ಇನ್ನೊಂದು ಪಾರ್ಸೆಲ್ಲಿನಲ್ಲಿ ನಿನಗೆ. ಒಂದು ಸಲವಾದರೂ ಹೊಲಿಗೆ ಬಿಚ್ಚಬೇಕಾಗಿ ಬಂದದ್ದುಂಟಾ? ನಾನು ದಪ್ಪಗಾದರೆ ಅಲ್ಲಿ ನೀನೂ ದಪ್ಪಗಾಗುತ್ತಿದ್ದೆ. ಎಷ್ಟು ನಿಯತ್ತು ಅಂತ ನಾನು ಖುಷಿಪಡುತ್ತಿದ್ದೆ.

ಸರಿ, ಸಿಟ್ಟಿನಲ್ಲಿ ಡ್ರೆಸ್ಸನ್ನು ನಾನೇ ಹಾಕಿಕೊಂಡು ಪಡಸಾಲೆಗೆ ಬಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಹಸಿರು ರತ್ನದ ಹಾಗೆ ಕಂಡಿತ್ತು. ನಿನ್ನ ಭಾವ ಸ್ಟೂಲಿನ ಮೇಲೆ ನಿಂತು ಫ್ಯಾನಿನ ಧೂಳು ಒರೆಸುತ್ತಿದ್ದರು. ಹೇಗಿದೆ ಅಂದೆ, ನೋಡದೆಯೇ ಚೆನ್ನಾಗಿದೆ ಅಂದರು. ಡಿಪೋ ಮೆಕ್ಯಾನಿಕ್ ಅಲ್ಲವೇ, ಅವರು ಟೈರು ಬಿಟ್ಟು ಬೇರೆ ಯಾವುದನ್ನೂ ಕಣ್ಣಿಟ್ಟು ನೋಡುವವರಲ್ಲ. ಮುಂದೆ ಹೋಗಿ ನಿಂತು ನಿಜ ಹೇಳದಿದ್ದರೆ ಸ್ಟೂಲು ಎಳೆಯುತ್ತೇನೆ ಅಂದೆ. ಆಗ ಇಳಿದು, ಕನ್ನಡಕ ಹಾಕಿಕೊಂಡು, ಬಸ್ಸಿನಲ್ಲಿ ವಾಂತಿ ಬರುವುದಕ್ಕೆ ಸ್ವಲ್ಪ ಮುಂಚೆ ಮುಖ ಇರುತ್ತದಲ್ಲ, ಹಾಗಿದೆ ಅಂದರು. ಕನ್ನಡಿ ನೋಡಿದೆ. ಹೌದು ಮಾರಾಯ್ತಿ, ಹಾಗೇ ಇತ್ತು. ಬಣ್ಣದ ವಿಷಯದಲ್ಲಿ ನೀನು ಅಂದದ್ದು ಸರಿ.

ಅಷ್ಟೇ ಆದರೆ ಬಣ್ಣ ಬದಲಿಸಿದರೆ ಮುಗಿಯಿತಲ್ಲ ಎಂದುಕೊಂಡು ನಿನ್ನೆ ಮಗಳನ್ನು ಕರೆದುಕೊಂಡು ದೊಡ್ಡ ರಸ್ತೆಯ ಬಟ್ಟೆ ಅಂಗಡಿಗೆ ಹೋದೆ. ಅಳತೆಗೆ ಇರಲಿ ಅಂತ ಹಸಿರು ಡ್ರೆಸ್ಸೂ ಚೀಲದಲ್ಲಿತ್ತು. ಅಲ್ಲಿ ಕನ್ನಡಕದಮ್ಮ ಅಂತ ಒಬ್ಬರಿದ್ದಾರೆ, ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ನಾನು ಒಂದು ಬಟ್ಟೆ ಎತ್ತಿಕೊಂಡು ಕನ್ನಡಿಯ ಕಡೆ ಹೊರಟರೆ ತೋಳು ಹಿಡಿದು ಬಾಗಿಲ ಬಳಿಗೆ ಎಳೆದುಕೊಂಡು ಹೋದರು. ದೀಪದ ಬೆಳಕು ಸುಳ್ಳು ಹೇಳುತ್ತದಂತೆ, ಬೀದಿಯ ಬೆಳಕಿಗೆ ನಿಲ್ಲಬೇಕಂತೆ. ಮುಖ ಒರೆಸಿಸಿದರು. ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿದು, ಕೈಕನ್ನಡಿ ಕೊಟ್ಟು, ಬಟ್ಟೆ ನೋಡಬೇಡಿ, ಮುಖ ನೋಡಿ ಅಂದರು. ಮುಖಕ್ಕಿಂತ ಮೊದಲು ಬಟ್ಟೆ ಕಣ್ಣಿಗೆ ಬಿದ್ದರೆ ಅದನ್ನು ಮಡಿಸಿಡುವುದಂತೆ.

ಹಳದಿ ಹಿಡಿದರು. ಮಗಳು, "ಅಮ್ಮಾ, ಬೇಡ. ರಸ್ತೇಲಿ ಟ್ಯಾಕ್ಸಿ ಅಂತ ಜನ ಕೈ ತೋರಿಸ್ತಾರೆ" ಅಂದಳು. ಅವಳ ನಾಲಿಗೆ ಯಾರದ್ದು ಅಂತ ನಿನಗೆ ಹೇಳಬೇಕಿಲ್ಲ. ಬೂದು ಹಿಡಿದರೆ ಕಣ್ಣ ಕೆಳಗಿನ ಕಪ್ಪೆಲ್ಲ ಎದ್ದು ಬಂತು, ಸಾಲದ್ದಕ್ಕೆ ಪಕ್ಕದವರದ್ದೂ ಸೇರಿದ ಹಾಗೆ. ತಿಳಿ ಗುಲಾಬಿಯಲ್ಲಿ ನೆಲ ಒರೆಸಿ ಹಿಂಡಿದ ಬಟ್ಟೆಯಂತೆ ಕಂಡೆ. ಕೊನೆಗೆ ದಾಳಿಂಬೆ ಕಾಳಿನ ಕೆಂಪು ತಂದು ಹಿಡಿದರು ನೋಡು, ಮುಖದೊಳಗೆ ಯಾರೋ ಸ್ವಿಚ್ ಹಾಕಿದಂತಾಯಿತು. ನಮ್ಮದು ಎಣ್ಣೆಗಪ್ಪು ಅಂತ ಅಮ್ಮ ಹೇಳುತ್ತಿದ್ದಳಲ್ಲ, ಅದರೊಳಗೆ ಒಂದು ಕೆಂಪು ಇದೆಯಂತೆ. ಅದನ್ನು ಹೊರಗೆ ಕರೆಯುವ ಗಾಢ ಬಣ್ಣ ಹಾಕಬೇಕಂತೆ, ಬೂದಿ ಬೆರೆಸಿದಂಥ ಬಣ್ಣ ಹತ್ತಿರಕ್ಕೂ ಸೇರಿಸಬಾರದಂತೆ. ಇಷ್ಟು ವರ್ಷ ನಾನು ಕೊಳೆ ಕಾಣುವುದಿಲ್ಲ ಅಂತ ಬೂದು ಬಣ್ಣವನ್ನೇ ಹಾಕಿದವಳು. ಕೊಳೆ ಕಾಣಲಿಲ್ಲ, ನಿಜ. ನಾನೂ ಕಾಣಲಿಲ್ಲ.

ಆಮೇಲೆ ಆಕಾರದ ಪಾಠ. ಮೇಲೆ ಸಣ್ಣ, ಸೊಂಟದ ಕೆಳಗೆ ಅಗಲ, ಪೇರಳೆ ಹಣ್ಣಿನ ಮೈಕಟ್ಟು ನಿಮ್ಮದು ಅಂದರು. ಹಣ್ಣಿನ ವಿಷಯ ಗೊತ್ತಿಲ್ಲ, ನಮ್ಮ ಡಿಪೋ ಲೆಕ್ಕದಲ್ಲಿ ನಾನು ಕೊನೇ ಉದ್ದ ಸೀಟು ಅಂದೆ. ಆಯಮ್ಮ ನಗಲಿಲ್ಲ. ಪೇರಳೆ ಮೈಗೆ ಕತ್ತಿನ ಹತ್ತಿರ ಕೆಲಸ ಇರಬೇಕು, ಸೊಂಟದ ಹತ್ತಿರ ಬಟ್ಟೆ ಬಾಯಿ ಮುಚ್ಚಿಕೊಂಡಿರಬೇಕು ಅಂದರು. ಬಟ್ಟೆಯ ಕತ್ತು ಸ್ವಲ್ಪ ಇಳಿದಿದ್ದರೆ ಕುತ್ತಿಗೆ ಉದ್ದ ಕಾಣುತ್ತದೆ. ತೋಳು ದಪ್ಪ ಇರುವ ಜಾಗದಲ್ಲೇ ಬಟ್ಟೆಯ ಕೈ ನಿಲ್ಲಬಾರದು, ಮೊಣಕೈ ದಾಟಲಿ. ಮಿನುಗುವ ಬಟ್ಟೆಯನ್ನು ಅಗಲದ ಕಡೆ ಬಿಡಬಾರದು. ಅಡ್ಡ ಗೆರೆ ಬೇಡ, ಉದ್ದ ಗೆರೆ ಬೇಕು. ಇದು ಕೇಳಿ ನನಗೆ ನಗು ಬಂತು. ಬಸ್ಸಿನ ಕೊನೇ ಸೀಟು ಸೋಫಾ ಥರ ಕಾಣುತ್ತೆ ಅಂತ ಸೂಪರ್‌ವೈಸರ್ ಬೈದಾಗ ಅಡ್ಡ ಪಟ್ಟಿ ಕಿತ್ತು ಉದ್ದ ಪಟ್ಟಿ ಹೊಲಿದವಳು ನಾನೇ. ಬಸ್ಸಿಗೆ ಮಾಡಿದ್ದನ್ನು ನನಗೆ ಮಾಡಿಕೊಳ್ಳಬೇಕು ಅಂತ ಹೊಳೆದಿರಲಿಲ್ಲ.

ದಾಳಿಂಬೆ ಬಣ್ಣದ ಡ್ರೆಸ್ಸು ಹಾಕಿಕೊಂಡು ಬಂದೆ. ಮಗಳು ನನ್ನ ಸುತ್ತ ಒಂದು ಸುತ್ತು ಬಂದು, ಬಿಲ್ ಹಾಕಿ ಅಂದಳು. ಅವಳು ಕೊಂಕು ತೆಗೆಯದಿದ್ದರೆ ಬಹುಮಾನ ಬಂದ ಹಾಗೆ. ನಾನು ಹಿಗ್ಗಿ, ಇಂಥದ್ದೇ ಇನ್ನೊಂದು ಕೊಡಿ, ನನ್ನ ತಂಗಿಗೆ, ಇಬ್ಬರದ್ದೂ ಒಂದೇ ಅಳತೆ ಅಂದೆ. ಕನ್ನಡಕದಮ್ಮ ಹಸಿರು ಡ್ರೆಸ್ಸನ್ನು ಚೀಲದಿಂದ ತೆಗೆದು ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಒಂದು ಗಳಿಗೆ ನೋಡಿದರು. ಆಮೇಲೆ ಅವರೆಲ್ಲಿ ಅಂದರು. ಅವಳು ದೂರ, ನಾವು ಅವಳಿ, ನನ್ನ ಮುಖ ನೋಡಿದರೆ ಅವಳದ್ದು ನೋಡಿದ ಹಾಗೇ ಅಂದೆ.

"ಅವಳಿ ಆದ್ರೇನಮ್ಮ, ಇಬ್ರೂ ಒಂದೇ ತಟ್ಟೇಲಿ ಉಂಡು ಒಂದೇ ನಿದ್ದೆ ಮಾಡಿದ್ದೀರಾ? ಅವ್ರನ್ನ ಕರ್ಕೊಂಡು ಬನ್ನಿ. ಇಲ್ಲಾ ಅಂದ್ರೆ ಬಣ್ಣಾನ ಅವ್ರ ಹತ್ರ ತಗೊಂಡು ಹೋಗಿ."

ನಾನು ಹಸಿರು ಡ್ರೆಸ್ಸನ್ನು ಮಡಿಸಿ ಚೀಲಕ್ಕೆ ಹಾಕಿ, ಚೌಕಾಸಿ ಮಾಡದೆ ನನ್ನದಕ್ಕಷ್ಟೇ ದುಡ್ಡು ಕೊಟ್ಟೆ. ಅಮ್ಮ ಚೌಕಾಸಿ ಮಾಡಲಿಲ್ಲ ಅಂತ ಮಗಳು ಮನೆಗೆ ಬಂದು ಅವಳಪ್ಪನಿಗೆ ಹೇಳಿದಳು. ಇವರು ಹಣೆ ಮುಟ್ಟಿ ಜ್ವರ ಇದೆಯಾ ನೋಡಿದರು.

ಹಾಗಾಗಿ ನನ್ನದೊಂದೇ ತಂದೆ. ಅದರ ಜೊತೆಗೆ ಕನ್ನಡಕದಮ್ಮ ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಕತ್ತರಿಸಿ ಕೊಟ್ಟಿದ್ದಾರೆ. ದಾಳಿಂಬೆ, ನವಿಲಿನ ಕತ್ತಿನ ನೀಲಿ, ಇಟ್ಟಿಗೆ, ನೇರಳೆ, ಬೆಣ್ಣೆಯಂಥ ಬಿಳಿ. ಮೇಜಿನ ಮೇಲೆ ಹರಡಿಕೊಂಡು

ತಾಳು, ಮಗಳು ಕೂಗುತ್ತಿದ್ದಾಳೆ. "ಅಮ್ಮಾ, ತಟ್ಟೆ ಹಾಕಿ ಆಯ್ತು, ಬರ್ತೀಯೋ ಇಲ್ಲ ಅಲ್ಲಿಗೇ ತಂದು ಬಾಯಿಗೆ ಹಾಕ್ಬೇಕೋ?" ಹೋಗದಿದ್ದರೆ ಅದನ್ನೂ ಮಾಡುವವಳೇ.

ನೂರು ಕಾಲ ಚೆನ್ನಾಗಿರು, ನಿನ್ನ ಮನೆ ತುಂಬಿರಲಿ. ನಿನಗಿಂತ ಕಾಲು ಗಂಟೆ ದೊಡ್ಡವಳು ನಾನು, ನನ್ನ ಆಶೀರ್ವಾದ ತಟ್ಟೇ ತಟ್ಟುತ್ತದೆ. ನಿನ್ನವರಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ಎಡದವಳು

ಮರೆತ ಮಾತು: ಮರೆತದ್ದಲ್ಲ, ಬಿಡು. ಮೇಲೆ ಬರೆಯಲು ಕೈ ಬರಲಿಲ್ಲ. ಒಂದು ನಿಮಿಷ ಅಂತ ಕೂಗಿ ಹೇಳಿ ಮತ್ತೆ ಕೂತಿದ್ದೇನೆ.

ಅಂಗಡಿಯಲ್ಲಿ ಆಯಮ್ಮ ಹಸಿರು ಡ್ರೆಸ್ಸನ್ನು ಬೆಳಕಿಗೆ ಎತ್ತಿದಾಗ ನನಗೆ ಕಂಡಿತು. ಎರಡೂ ಪಕ್ಕೆಯಲ್ಲಿ, ಭುಜದಲ್ಲಿ, ತೋಳಿನ ಉದ್ದಕ್ಕೂ ಸಾಲಾಗಿ ಬೆಳಕಿನ ಚುಕ್ಕಿ. ಪಿನ್ನು ಚುಚ್ಚಿ ತೆಗೆದ ತೂತುಗಳು. ಅಂಥ ನುಣುಪು ಬಟ್ಟೆಯಲ್ಲಿ ತೂತು ಮುಚ್ಚುವುದಿಲ್ಲ, ನಮ್ಮ ಬಸ್ ಸೀಟಿನ ರೆಕ್ಸಿನ್ನಿನ ಹಾಗೇ. ಮನೆಗೆ ಬಂದು ಅದೇ ತೂತುಗಳಿಗೆ ಒಂದೊಂದಾಗಿ ಪಿನ್ನು ಹಾಕಿ ನೋಡಿದೆ. ಪಿನ್ನುಗಳ ಒಳಗೆ ಉಳಿದ ಡ್ರೆಸ್ಸು ಇದೆಯಲ್ಲ, ಅದು ನಾವು ಬೆಂಚಿನಲ್ಲಿ ಕೂತಿದ್ದಾಗಿನ ಮೈಯಷ್ಟಿತ್ತು.

ಬಣ್ಣ ಒಪ್ಪದವಳು ಅಷ್ಟು ಪಿನ್ನು ಹಾಕಿ ನೋಡುವುದಿಲ್ಲ. ಬರಬೇಕು ಅಂತ ಆಸೆ ಇದ್ದವಳು ನೋಡುತ್ತಾಳೆ.

ನಿನ್ನೆ ರಾತ್ರಿಯೇ ನಿನ್ನವರಿಗೆ ಫೋನ್ ಮಾಡಿದೆ. ಅವರನ್ನು ಬೈಯಬೇಡ. ಆಣೆ ಹಾಕಿಸಿಕೊಂಡಿದ್ದಾಳೆ ಅಕ್ಕಾ, ಅಂತಲೇ ಶುರು ಮಾಡಿದರು. ಹೊಟ್ಟೆಯ ಆಪರೇಷನ್ನು, ಆಸ್ಪತ್ರೆ, ಮಾತ್ರೆ, ಎಲ್ಲ ಹೇಳಿದರು. ಕೆಟ್ಟದ್ದು ಕಳೆಯಿತು, ಇನ್ನು ಊಟ ಮೈಗೆ ಹತ್ತಬೇಕು ಅಷ್ಟೇ ಅಂತ ಡಾಕ್ಟರು ಅಂದರಂತೆ. ಅದನ್ನು ಕೇಳಿದ ಮೇಲೇ ಈ ಕಾಗದದಲ್ಲಿ ಜೋಕು ಮಾಡುವ ಧೈರ್ಯ ಬಂತು. ನೀನು ಅವರ ಹತ್ತಿರ ಹೇಳಿದ ಮಾತನ್ನೂ ಹೇಳಿದರು. "ಅವಳ ಪಕ್ಕ ನಿಂತ್ರೆ, ನಾನು ಹೇಗಿರಬೇಕಿತ್ತು ಅಂತ ಎಲ್ರಿಗೂ ಕಾಣತ್ತೆ."

ಬಲದವಳೇ, ಇಷ್ಟು ದಿನ ನಾನು ನಿನ್ನ ಕನ್ನಡಿ ಆಗಿದ್ದೆ ಅಂತ ಹೆಮ್ಮೆಪಡುತ್ತಿದ್ದೆ. ಆ ಕನ್ನಡಿಗೆ ನೀನು ಹೆದರುತ್ತೀಯ ಅಂತ ತಿಳಿದಿರಲಿಲ್ಲ.

ಅದಕ್ಕೇ ಈ ಸಲ ಒಂದೇ ಬಟ್ಟೆ ಇಲ್ಲ. ನನಗೆ ನನ್ನದು, ನಿನಗೆ ನಿನ್ನದು. ನಿನ್ನ ಮುಖ ಈಗ ಹೇಗಿದೆಯೋ ಆ ಮುಖಕ್ಕೆ, ನಿನ್ನ ಮೈ ಈಗ ಎಷ್ಟಿದೆಯೋ ಅಷ್ಟು ಮೈಗೆ. ಸಣ್ಣಗಿರುವವರಿಗೆ ಅಡ್ಡ ಗೆರೆ ಚೆನ್ನಾಗಿ ಒಪ್ಪುತ್ತದಂತೆ, ಕನ್ನಡಕದಮ್ಮನನ್ನು ಕೇಳಿಕೊಂಡಿದ್ದೇನೆ. ನನಗೆ ಸಿಗದ ಅಡ್ಡ ಗೆರೆಯೆಲ್ಲ ನಿನಗೇ. ಫೋಟೋದಲ್ಲಿ ನನ್ನ ಬಲಗಡೆಯ ಜಾಗವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ನೀನು ಬರಲಿಲ್ಲವೋ, ಅಷ್ಟು ಜಾಗ ಖಾಲಿ ಬಿಟ್ಟೇ ತೆಗೆಸುತ್ತೇನೆ, ನೋಡಿದವರೆಲ್ಲ ಕೇಳಲಿ.

ಶನಿವಾರ ಬೆಳಗಿನ ಬಸ್ಸಿಗೆ ನಾನು ಬರುತ್ತಿದ್ದೇನೆ. ಬಣ್ಣದ ತುಂಡುಗಳನ್ನೂ ಅಮ್ಮನ ಟೇಪನ್ನೂ ತರುತ್ತೇನೆ. ನಿನ್ನ ಮನೆ ಬಾಗಿಲ ಬೆಳಕಿಗೆ ಇಬ್ಬರೂ ನಿಂತು ನೋಡೋಣ. ಮಂಚದ ಕೆಳಗೆ ತೂರಬೇಡ, ಎಳೆಯುವುದಕ್ಕೆ ನನಗೀಗ ಬಗ್ಗಲಾಗುವುದಿಲ್ಲ.

ಈಗ ನಿನ್ನ ಭಾವನೇ ಕೂಗುತ್ತಿದ್ದಾರೆ, ಊಟ ಆರಿಹೋಗುತ್ತಿದೆಯಂತೆ. ಹೋಗಿ ಉಣ್ಣುತ್ತೇನೆ. ನೀನೂ ಉಣ್ಣು.