ದಾಸಮ್ಮನ ಸೀಸೆ

ಕಬ್ಬಾಳು
12-11-1985, ಮಂಗಳವಾರ

ಮುದ್ದು ಮಗಳು ಚಿಕ್ಕತಾಯಿಗೆ,

ನೀನು, ಅಳಿಯಂದಿರು, ಮಕ್ಕಳು ಹೇಗಿದ್ದೀರಿ? ರಾಮನಗರದ ನೀರು ಚಿಕ್ಕವನಿಗೆ ಒಗ್ಗಿತೇ? ನಾನು ಗಟ್ಟಿಮುಟ್ಟಾಗಿದ್ದೇನೆ, ಮುಟ್ಟದೆ ನೋಡಿದರೆ.

ಅವ್ವನ ವಿಷಯ ಕೇಳಿದ್ದೀಯ. ಹಿಮ್ಮಡಿಯ ಗಾಯ ತಿಂಗಳಾದರೂ ಮಾಗಿಲ್ಲ. ಕೊಡಗಟ್ಟಲೆ ನೀರು ಕುಡಿಯುತ್ತಾಳೆ, ಬಳೆ ಸಡಿಲವಾಗಿ ಮೊಣಕೈವರೆಗೆ ಜಾರುತ್ತವೆ. ಹೋದ ವರ್ಷದ ಡಾಕ್ಟರ ಚೀಟಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲ ಅಂತ ಬರೆದಿದೆಯಲ್ಲ, ಭಯವಿಲ್ಲ ಅಂತ ನೀನು ಬರೆದಿದ್ದೀಯ. ಅವಳೂ ಆ ಚೀಟಿಯನ್ನು ಧಾರೆ ಸೀರೆಯ ಮಡಿಕೆಯಲ್ಲಿಟ್ಟಿದ್ದಾಳೆ. ನಮ್ಮ ರೇಷ್ಮೆ ಸೊಸೈಟಿಯವರು ವರ್ಷಕ್ಕೊಮ್ಮೆ ಡಾಕ್ಟರನ್ನು ಕರೆಸುತ್ತಾರೆ, ಚೆನ್ನಾಗಿರುವವರೂ ತೋರಿಸಿಕೊಳ್ಳಲಿ ಅಂತ. 'ಚೆನ್ನಾಗಿರೋರ್ನ ಯಾಕ್ಲಾ ಕೆಡಿಸ್ತೀರಿ' ಅಂತ ನಾನು ಕಾಂಪೌಂಡರ್ ಗಂಗಹನುಮಯ್ಯನನ್ನು ರೇಗಿಸಿ ಊರನ್ನೆಲ್ಲ ನಗಿಸಿದ್ದೆ. ಹೋದ ವರ್ಷ ಡಾಕ್ಟರು ಬಂದ ದಿನ ನಮ್ಮ ಹುಳ ಹಣ್ಣಾಗಿದ್ದವು. ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡುವ ಹೊತ್ತು, ಒಂದು ಗಳಿಗೆ ತಡವಾದರೆ ನೂಲು ಹಾಳು. ಅವಳು ಸೀಸೆಗೆ ಉಚ್ಚೆ ಹಿಡಿದು, 'ನೀವೇ ಕೊಟ್ಬುಡಿ' ಅಂತ ನನ್ನ ಕೈಲಿಟ್ಟಳು. 'ಬಾಯಲ್ಲೇ ಇಲ್ದಿರೋ ಸಕ್ಕರೆ ಮೈಲೆಲ್ಲಿಂದ ಬತ್ತದೆ' ಅಂತ ಅಣಕಿಸಿಕೊಂಡು ಹೋದೆ. ಈ ಸಲ ಡಾಕ್ಟರು ಬಂದಾಗ ಅವಳು ಏಳಲೇ ಇಲ್ಲ. 'ಹ್ವಾದ್ ವರ್ಸವೇ ಏನೂ ಇಲ್ಲ ಅಂದವ್ರೆ, ಹುಳ ಬುಟ್ಟು ನಾನ್ಯಾಕೆ ಬರ್ಲಿ?'

ನಿನಗೂ ಗೊತ್ತಲ್ಲ, ರೇಷ್ಮೆ ಮೊಟ್ಟೆ ಮಾರುವ ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ಚಿಟ್ಟೆ ಎಷ್ಟೇ ದುಂಡಗಿದ್ದರೂ ಅದನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗ ಹೊರಗೆ ಕಾಣುವುದಿಲ್ಲ. ಹಾಗೆ ನೋಡದ ಮೊಟ್ಟೆಯನ್ನು ನಿನ್ನ ಅವ್ವ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಹುಳಕ್ಕೆ ಇಷ್ಟು ಮಾಡಿದ ಮನೆಯಲ್ಲಿ ಅವಳಿಗೆ ಅಷ್ಟು ಆಗಲಿಲ್ಲ ಕಣವ್ವ. ಇದನ್ನು ಬರೆಯುವಾಗ ನನಗೆ ಯಾವ ತಮಾಷೆಯೂ ಹೊಳೆಯುತ್ತಿಲ್ಲ.

ಮಕ್ಕಳ ತಲೆ ಸವರಿದೆ ಅಂತ ಹೇಳು. ಕಬ್ಬಾಳಮ್ಮ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಪ್ಪ,
ಕಾಳಯ್ಯ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಈ ಕಾಗದ ಒಯ್ಯುವ ಮೆಹಬೂಬನ ಟೆಂಪೋ ಊರವರ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟು ನಿಂತಿದೆ, ಹಾರನ್ ಹೊಡೆಯುತ್ತಿದ್ದಾನೆ. ಹೋದ ವರ್ಷ ಆವತ್ತು ಹಿಪ್ಪುನೇರಳೆ ತೋಟದ ಬದು ದಾಟುವಾಗ ಅವ್ವನ ಸೀಸೆ ಕೈಜಾರಿ ಚೆಲ್ಲಿಹೋಯಿತು. ವಾಪಸು ಹೋದರೆ ಬೈಯುತ್ತಾಳೆ ಅಂತ ಅಲ್ಲೇ ಕೂತು ನನ್ನ ಸೀಸೆಗೂ ಅವಳ ಸೀಸೆಗೂ ನನ್ನದನ್ನೇ ತುಂಬಿದೆ. ಡಾಕ್ಟರಿಗೇ ಟೋಪಿ ಹಾಕಿದೆ ಅಂತ ದಾರಿಯುದ್ದಕ್ಕೂ ನಕ್ಕೆ. ಆ ಚೀಟಿಯಲ್ಲಿ ದಾಸಮ್ಮ ಅನ್ನೋ ಹೆಸರು ಮಾತ್ರ ಅವಳದು. ಅವಳನ್ನು ಯಾರೂ ಪರೀಕ್ಷೆ ಮಾಡೇ ಇಲ್ಲ. ನಾಳೆ ಮೊದಲನೇ ಬಸ್ಸಿಗೆ ಕರೆತರುತ್ತೇನೆ, ಹುಳ ಏನಾದರೂ ಆಗಲಿ. ನೀನು ರಾಮನಗರದ ಆಸ್ಪತ್ರೆ ಬಾಗಿಲಲ್ಲಿರು. ಅವಳಿಗೆ ಇನ್ನೂ ಹೇಳಿಲ್ಲ, ಹೇಳುವಾಗ ನೀನು ಅವಳ ಪಕ್ಕದಲ್ಲಿರಬೇಕು. ಅಪ್ಪನ ಇನ್ನೊಂದು ಕೀಟಲೆ ಅಂತ ನಗಬೇಡ, ಮಗಾ. ಬಾ.