ಭುವನಾಳ ತಟ್ಟೆ

ಐ.ಡಿ.ಹಳ್ಳಿ

ಕಣ್ಣಿನ ಡಾಕ್ಟರಮ್ಮನವರಿಗೆ ಚಿಕ್ಕಕ್ಕನ ನಮಸ್ಕಾರ. ನಿಮ್ಮ ಹೊಟ್ಟೆ ತಣ್ಣಗಿರಲಿ.

ಹುಟ್ಟಿನಿಂದ ಕಣ್ಣು ಕಾಣದ ನನ್ನ ಮಗಳು ಭುವನಾಳಿಗೆ, ಜೀನು ತಿದ್ದುವ ಮದ್ದನ್ನು ವೈರಸ್ಸಿನೊಳಗಿಟ್ಟು ಕಣ್ಣಿಗೆ ಹಾಕಿದಿರಿ. ಅದು ಯಾರಿಗೂ ಅಂಟುವುದಿಲ್ಲ ಅಂತಲೂ ಹೇಳಿದ್ದಿರಿ. ಆದರೂ ವೈರಸ್ ಅಂದಮೇಲೆ ನನಗೆ ಕೊರೊನಾದ ಭಯ. ಮನೆಗೆ ಬಂದವಳೇ ಅವಳ ತಟ್ಟೆ, ಲೋಟ ಬೇರೆ ಮಾಡಿದೆ. ಅವಳಿಗೆ ಗೊತ್ತಾಗದು ಅಂತ ನಾನು ಬಾಗಿಲ ಹತ್ತಿರ ಕೂತು ಉಣ್ಣುತ್ತಿದ್ದೆ.

ನಿನ್ನೆ ಮಧ್ಯಾಹ್ನ ಮುದ್ದೆ ಮುರಿಯುತ್ತಾ ತಲೆಯೆತ್ತಿದಳು. “ಯಾಕವ್ವಾ, ಅಷ್ಟು ದೂರ ಕುಂತಿದೀಯ? ನಾನೇನು ಕಚ್ತೀನಾ?” ಅಂದಳು.

ನಾಚಿಕೆಯಾಯಿತು ತಾಯಿ. ಆದರೆ ಬಾಗಿಲವರೆಗೂ ಅವಳಿಗೆ ಕಂಡಿತಲ್ಲ!

ಪಕ್ಕದಲ್ಲಿ ಕೂತು ಉಣ್ಣಬಹುದಾ, ಇನ್ನೊಂದು ಸಲ ಬರೆದು ತಿಳಿಸಿ. ನಿಮ್ಮ ಉತ್ತರ ಬರುವ ಮೊದಲೇ ಕೂತರೆ ಬೈಯಬೇಡಿ.

ನಿಮ್ಮ ಋಣದಲ್ಲಿರುವ,
ಚಿಕ್ಕಕ್ಕ